ಲಗ್ನಪತ್ರಿಕೆಯಿಂದ ವಾಟ್ಸಾಪ್ ಇನ್ವಿಟೇಷನ್‌ವರೆಗೆ: ಗೋಲ್ಡ್ ಫಿನಿಶ್ ಕೆಡದಂತೆ ಮಾಡೋದು ಹೇಗೆ

ಸ್ಕ್ರೀನ್ ಮೇಲೆ ಫಳಫಳ ಹೊಳೆಯುತ್ತಿದ್ದ ಚಿನ್ನದ ಅಕ್ಷರ ಪ್ರಿಂಟ್ ಆಗಿ ಬಂದಾಗ ಮಂಡ್ಯದ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಮದುವೆ ಸೀಸನ್ ಬಂತೆಂದರೆ ಈ ದೂರು ಶುರು. ಡಿಸೈನರ್ ಪ್ರೆಸ್‌ನವರನ್ನು ಬೈಯುತ್ತಾರೆ, ಪ್ರೆಸ್‌ನವರು ಫೈಲೇ ಸರಿ ಇಲ್ಲ ಅನ್ನುತ್ತಾರೆ, ಮದುವೆ ಮನೆಯವರು ಇಬ್ಬರನ್ನೂ ಬೈಯುತ್ತಾರೆ. ಬಹಳಷ್ಟು ಸಲ ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಡಿಸೈನ್ ಪೂರ್ತಿ ಮುಗಿಸಿ, ಮನೆಯವರಿಗೆ ತೋರಿಸಿ, ಒಪ್ಪಿಸಿ, ಆಮೇಲೆ ಪ್ರೆಸ್‌ಗೆ ಹೋಗಿ "ಇದಕ್ಕೆ ಗೋಲ್ಡ್ ಹೇಗೆ ಹಾಕ್ತೀರಾ" ಅಂತ ಕೇಳುತ್ತೇವಲ್ಲ, ಆ ಪ್ರಶ್ನೆ ಮೊದಲ ದಿನವೇ ಕೇಳಬೇಕಿತ್ತು.

ಕಾಗದವನ್ನು ಸ್ವಲ್ಪ ಓರೆ ಮಾಡಿ. ಮಂಕಾಗಿದ್ದ ಜಾಗ ಪಟ್ಟನೆ ಬೆಳಗಬೇಕು, ಬೆಳಗಿದ್ದ ಜಾಗ ಮಂಕಾಗಬೇಕು. ಅದು ಮೆಟಾಲಿಕ್. ಸಿಎಂವೈಕೆಯ, ಅಂದರೆ ಮಾಮೂಲಿ ಬಣ್ಣದ ಪ್ರಿಂಟಿಂಗ್‌ನ ಸಯಾನ್ (ತಿಳಿ ನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳಲ್ಲಿ ಯಾವುದಕ್ಕೂ ಆ ಗುಣ ಇಲ್ಲ. ನೀವು ಎಷ್ಟೇ ಚೆಂದದ ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ತಿರುಗುತ್ತಾ ಹೋಗುವುದು) ಹಾಕಿ, ಕಾಗದದ ಮೇಲೆ ಬರುವುದು ಹಳದಿ ಮತ್ತು ಕಂದು ಬಣ್ಣವಷ್ಟೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಕೋರಲ್‌ಡ್ರಾ, ಇಲ್ಲಸ್ಟ್ರೇಟರ್ ಅಥವಾ ಇಂಕ್‌ಸ್ಕೇಪ್, ಈ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಯಾವುದಾದರೂ ಒಂದು. ಪ್ರೆಸ್‌ನಲ್ಲಿ ಸಿಗುವ ಫಾಯಿಲ್ ಶೇಡ್ ಕಾರ್ಡ್. ಒಂದು ಭೂತಗನ್ನಡಿ, ಸೆಲ್ಲೋಟೇಪ್, ಬಿಳಿ ಬಟ್ಟೆ ತುಂಡು, ಮಿಲಿಮೀಟರ್ ಸ್ಕೇಲ್.

## ಹಂತ 1: ಯಾವ ಗೋಲ್ಡ್ ಎಂದು ಮೊದಲು ತೀರ್ಮಾನಿಸಿ

ಹೆಸರು ಒಂದೇ, ದಾರಿ ಬೇರೆ ಬೇರೆ. ಫೈಲ್ ಮಾಡುವ ರೀತಿಯೂ ಅದರ ಜೊತೆಗೇ ಬದಲಾಗುತ್ತದೆ.

ಹಾಟ್ ಫಾಯಿಲ್ ಎಂದರೆ ಲೋಹದ ಬ್ಲಾಕ್ ಮಾಡಿಸಿ, ಅದನ್ನು ಬಿಸಿ ಮಾಡಿ, ಫಾಯಿಲ್ ರೋಲ್ ಮೇಲೆ ಒತ್ತುವುದು. ಫಾಯಿಲ್‌ನಲ್ಲಿ ಚಿನ್ನ ಇರೋದಿಲ್ಲ. ತೆಳು ಪಾಲಿಯೆಸ್ಟರ್ ಫಿಲ್ಮ್ ಮೇಲೆ ಹಳದಿ ಲ್ಯಾಕರ್, ಅದರ ಮೇಲೆ ಅಲ್ಯೂಮಿನಿಯಂ, ಕೊನೆಗೆ ಬಿಸಿಗೆ ಕರಗುವ ಅಂಟು, ಇಷ್ಟೇ. ಒತ್ತಿದಾಗ ಅಂಟು ಕಾಗದ ಹಿಡಿಯುತ್ತದೆ, ಫಿಲ್ಮ್ ಬಿಟ್ಟುಕೊಳ್ಳುತ್ತದೆ, ಹಳದಿ ಲ್ಯಾಕರ್ ಮೇಲೆ ಬರುತ್ತದೆ. ಕನ್ನಡಿಯಂಥ ಹೊಳಪು ಬೇಕಿದ್ದರೆ ಇದೇ ಸರಿ. ಕಡು ಬಣ್ಣದ ಕಾಗದದ ಮೇಲೂ ಕೂರುತ್ತದೆ.

ಮೆಟಾಲಿಕ್ ಇಂಕ್ ಆಫ್‌ಸೆಟ್ ಮಷಿನ್‌ನಲ್ಲಿ ಐದನೇ ಬಣ್ಣವಾಗಿ ಹೋಗುತ್ತದೆ. ಇಂಕ್ ಬಣ್ಣಗಳಿಗೆ ನಂಬರ್ ಕೊಡುವ ಪ್ಯಾಂಟೋನ್ ಪಟ್ಟಿಯಲ್ಲಿ 871ರಿಂದ 876ರವರೆಗಿನದು ಚಿನ್ನ, ಕಂಚು, ತಾಮ್ರದ ಛಾಯೆಗಳು, 877 ಬೆಳ್ಳಿ. ಈ ಗೋಲ್ಡ್ ಇಂಕ್‌ನಲ್ಲಿ ಹಿತ್ತಾಳೆಯ ಸಣ್ಣ ಚೂರುಗಳಿರುತ್ತವೆ. ಹೊಳಪು ಫಾಯಿಲ್‌ಗಿಂತ ಕಡಿಮೆ, ಆದರೆ ಸಾವಿರಗಟ್ಟಲೆ ಪ್ರತಿಗೆ ಮತ್ತು ದೊಡ್ಡ ಪಟ್ಟೆಗಳಿಗೆ ಇದು ಅನುಕೂಲ. ಪ್ರೆಸ್‌ನಲ್ಲಿ ನಾಲ್ಕು ಬಣ್ಣದ ಮಷಿನ್ ಮಾತ್ರ ಇದ್ದರೆ ಹಾಳೆ ಎರಡನೇ ಸಲ ಓಡಬೇಕು. ಆ ಖರ್ಚು ಮೊದಲೇ ಕೇಳಿಕೊಳ್ಳಿ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಗೋಲ್ಡ್ ಪೌಡರನ್ನು ಮೀಡಿಯಂಗೆ ಕಲಸಿ ಎಳೆಯುತ್ತಾರೆ. ಇನ್ನೂರು ಮುನ್ನೂರು ಕಾರ್ಡ್‌ಗೆ, ದಪ್ಪ ಬಣ್ಣದ ಕಾರ್ಡ್‌ಗೆ ಒಳ್ಳೆಯ ಆಯ್ಕೆ. ಪೌಡರ್ ತಳಕ್ಕೆ ಕೂರುತ್ತಿರುತ್ತದೆ, ಆಗಾಗ ಕಲಸದಿದ್ದರೆ ಮೊದಲ ಕಾರ್ಡಿಗೂ ಕೊನೆಯ ಕಾರ್ಡಿಗೂ ಬಣ್ಣ ಬೇರೆಯಾಗುತ್ತದೆ.

ಐವತ್ತು ಪ್ರತಿಯಷ್ಟೇ ಬೇಕಿದ್ದರೆ ಟೋನರ್ (ಲೇಸರ್ ಪ್ರಿಂಟರ್‌ನ ಪುಡಿ ಇಂಕ್) ಫಾಯಿಲ್ ನೋಡಿ. ಲೇಸರ್ ಪ್ರಿಂಟರ್‌ನಲ್ಲಿ ಕಪ್ಪು ಅಕ್ಷರ ತೆಗೆದು, ಮೇಲೆ ಟೋನರ್‌ಗೆಂದೇ ಬರುವ ಫಾಯಿಲ್ ಇಟ್ಟು, ಬಿಸಿ ಲ್ಯಾಮಿನೇಷನ್ ಮಷಿನ್‌ನಲ್ಲಿ ಹಾಯಿಸುವುದು. ಒಂದೇ ಎಚ್ಚರ: ಟೋನರ್ ಇರುವ ಕಡೆಯೆಲ್ಲಾ ಫಾಯಿಲ್ ಹಿಡಿಯುತ್ತದೆ. ಕಲರ್ ಲೇಸರ್‌ನಲ್ಲಿ ಗಣಪತಿ ಚಿತ್ರ, ಹೂವು ಎಲ್ಲ ಪ್ರಿಂಟ್ ಮಾಡಿ ಹಾಯಿಸಿದರೆ ಗಣಪತಿಯೂ ಚಿನ್ನ, ಹೂವೂ ಚಿನ್ನ.

ಊದುಬತ್ತಿ ಪ್ಯಾಕ್, ಸ್ವೀಟ್ ಬಾಕ್ಸ್ ಮಾಡುವವರಿಗೆ ಇನ್ನೊಂದು ದಾರಿ ಇದೆ. ಮೆಟ್‌ಪೆಟ್ ಬೋರ್ಡ್, ಅಂದರೆ ಮೊದಲೇ ಬೆಳ್ಳಿಯಂತೆ ಹೊಳೆಯುವ ಹಾಳೆ ಅಂಟಿಸಿದ ರಟ್ಟು. ಅದರ ಮೇಲೆ ಪಾರದರ್ಶಕ ಹಳದಿ, ಸ್ವಲ್ಪ ಮಜೆಂಟಾ ಹೊಡೆದರೆ ಗೋಲ್ಡ್ ಬರುತ್ತದೆ. ಹೊಳಪು ಬೇಡದ ಕಡೆ ಅಡಿಯಲ್ಲಿ ಬಿಳಿ ಇಂಕ್ ಹಾಕಬೇಕು. ಆ ಬಿಳಿ ಪ್ಲೇಟ್ ಮರೆತರೆ ದೇವರ ಮುಖವೂ ತಗಡಿನಂತೆ ಮಿನುಗುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಆಗುವುದೂ ಕಷ್ಟ.

ಇದ್ಯಾವುದಕ್ಕೂ ಬಜೆಟ್ ಇಲ್ಲವೇ? ಆಗ ಗ್ರೇಡಿಯಂಟ್ ಬಿಡಿ. ಸಯಾನ್ 0, ಮಜೆಂಟಾ 20, ಹಳದಿ 60, ಕಪ್ಪು 20 ಆಸುಪಾಸಿನ ಒಂದೇ ಸಪಾಟು ಬಣ್ಣ ಇಟ್ಟು, ಪಕ್ಕದಲ್ಲಿ ಗಾಢ ಕೆಂಪೋ ಹಸಿರೋ ಕೊಡಿ. ಹೊಳೆಯುವುದಿಲ್ಲ, ಆದರೆ ಮರ್ಯಾದೆಯಾಗಿ ಕಾಣುತ್ತದೆ. ಫ್ಲೆಕ್ಸ್‌ಗೂ ಸಾಮಾನ್ಯವಾಗಿ ಇದೇ ಗತಿ. ದೊಡ್ಡ ಹೆಸರು ಮಾತ್ರ ಇದ್ದರೆ ಗ್ರೇಡಿಯಂಟ್ ನಡೆಯುತ್ತದೆ.

## ಹಂತ 2: ಫೈಲ್ ತೆರೆಯುವ ಮುಂಚೆ ಪ್ರೆಸ್‌ಗೆ ಹೋಗಿ

ಫೋನ್‌ನಲ್ಲಿ ಮುಗಿಸಬೇಡಿ. ಮೈಸೂರು, ಮಂಡ್ಯದ ಸಣ್ಣ ಪ್ರೆಸ್‌ಗಳಲ್ಲಿ ಎಲ್ಲ ಕೆಲಸವೂ ಒಂದೇ ಸೂರಿನಡಿ ಆಗುತ್ತದೆ ಎಂದುಕೊಳ್ಳಬೇಡಿ. "ಅಣ್ಣಾ, ಫಾಯಿಲ್ ಇಲ್ಲೇ ಹೊಡೀತೀರಾ, ಇಲ್ಲಾ ಹೊರಗೆ ಕೊಡ್ತೀರಾ?" ಎಂದು ನೇರವಾಗಿ ಕೇಳಿ. ಹೊರಗೆ ಕೊಡುವುದಾದರೆ ಹೋಗಿಬರುವ ದಿನಗಳನ್ನು ಲೆಕ್ಕ ಹಾಕಬೇಕು, ಮತ್ತು ಫೈಲ್ ಹೇಗಿರಬೇಕು ಎಂದು ಆ ಫಾಯಿಲ್‌ನವರನ್ನೇ ಕೇಳಬೇಕು.

ಇನ್ನೂ ಕೇಳಬೇಕಾದದ್ದು: ಬ್ಲಾಕ್ ಯಾವ ಲೋಹದ್ದು? ಮೆಗ್ನೀಷಿಯಂ ಅಗ್ಗ, ಕಡಿಮೆ ಪ್ರತಿಗೆ ಸಾಕು. ಜಾಸ್ತಿ ಪ್ರತಿಗೆ, ಸೂಕ್ಷ್ಮ ಗೆರೆಗೆ ತಾಮ್ರ ಅಥವಾ ಹಿತ್ತಾಳೆ. ಎಷ್ಟು ಸಣ್ಣ ಗೆರೆ ನಿಲ್ಲುತ್ತದೆ? ಬ್ಲಾಕನ್ನು ಉಲ್ಟಾ ಮಾಡಿಕೊಳ್ಳುವುದು ನೀವೋ ಅವರೋ? ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಇಬ್ಬರೂ ಮಿರರ್ ಮಾಡಿದರೆ ಬ್ಲಾಕ್ ಗುಜರಿಗೆ.

ಶೇಡ್ ಕಾರ್ಡ್ ಕೈಗೆ ತೆಗೆದುಕೊಂಡು ಅಂಗಡಿ ಬಾಗಿಲಿಗೆ ಬನ್ನಿ, ಟ್ಯೂಬ್‌ಲೈಟ್ ಕೆಳಗೆ ಆರಿಸಬೇಡಿ. ಗೋಲ್ಡ್‌ನಲ್ಲೇ ಕೆಂಪು ಛಾಯೆ, ಹಸಿರು ಛಾಯೆ, ಮ್ಯಾಟ್ ಎಂದು ಹತ್ತಾರು ಇವೆ. ಆರಿಸಿದ ಶೇಡ್ ನಂಬರನ್ನು ಆರ್ಡರ್ ಚೀಟಿಯಲ್ಲಿ ಬರೆಸಿ. "ಆ ಹಳೇ ಮದುವೆ ಕಾರ್ಡಲ್ಲಿ ಇತ್ತಲ್ಲ, ಅದೇ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

## ಹಂತ 3: ಕಾಗದ ಆರಿಸಿ

ಮೆಟಾಲಿಕ್ ಇಂಕ್ ಆರ್ಟ್ ಪೇಪರ್ ಮೇಲೆ ಹೊಳೆಯುತ್ತದೆ, ಕೋಟಿಂಗ್ ಇಲ್ಲದ ಕಾಗದ ಅದನ್ನು ಕುಡಿದುಬಿಡುತ್ತದೆ. ಹ್ಯಾಂಡ್‌ಮೇಡ್ ಪೇಪರ್ ಎಷ್ಟೇ ಇಷ್ಟವಾದರೂ ಅದರ ಮೇಲೆ ಆಫ್‌ಸೆಟ್ ಗೋಲ್ಡ್ ಹೊಡೆಸಬೇಡಿ. ಫಾಯಿಲ್‌ಗೆ ನಯವಾದ ಕಾಗದ ಸುಲಭ. ತರಿತರಿ ಕಾಗದದಲ್ಲಿ ಗುಂಡಿಯಾದ ಕಡೆಗೆ ಫಾಯಿಲ್ ಮುಟ್ಟುವುದಿಲ್ಲ, ಬಿಳಿ ಚುಕ್ಕೆ ಉಳಿಯುತ್ತವೆ. ದಪ್ಪ ಗೆರೆಯ ವಿನ್ಯಾಸವಾದರೆ ಒತ್ತಡ ಹೆಚ್ಚಿಸಿ ನಿಭಾಯಿಸಬಹುದು, ಸಣ್ಣ ಅಕ್ಷರಕ್ಕೆ ಆಗದು.

ಮ್ಯಾಟ್ ಲ್ಯಾಮಿನೇಷನ್ ಮೇಲೆ ಫಾಯಿಲ್ ಬಹಳ ಚೆನ್ನಾಗಿ ಕಾಣುತ್ತದೆ, ಸುತ್ತಲಿನ ಮಂಕು ಅದರ ಹೊಳಪನ್ನು ಎತ್ತಿ ತೋರಿಸುತ್ತದೆ. ಆದರೆ ಎಲ್ಲ ಫಾಯಿಲ್ಲೂ ಎಲ್ಲ ಲ್ಯಾಮಿನೇಷನ್ ಮೇಲೆ ಹಿಡಿಯುವುದಿಲ್ಲ. ನಿಮ್ಮದೇ ಲ್ಯಾಮಿನೇಷನ್ ಮಾಡಿದ ತುಂಡಿನ ಮೇಲೆ ಒಂದು ಸಲ ಒತ್ತಿಸಿ ನೋಡಿ.

## ಹಂತ 4: ಗೋಲ್ಡ್‌ಗೆ ಬೇರೆ ಲೇಯರ್ ಮಾಡಿ

ಇಲ್ಲಿ ಹೆಚ್ಚಿನವರು ಎಡವುತ್ತಾರೆ, ಯಾಕೆಂದರೆ ಫೈಲ್ ಚೆಂದ ಕಾಣಬೇಕು ಎಂಬ ಆಸೆ. ಪ್ರೆಸ್‌ಗೆ ಕೊಡುವ ಫೈಲ್‌ನಲ್ಲಿ ಗೋಲ್ಡ್ ಚೆಂದ ಕಾಣಬೇಕಿಲ್ಲ. ಅದು ಕಪ್ಪಗೆ, ಸಪಾಟಾಗಿ ಇರಬೇಕು.

ಹೊಸ ಲೇಯರ್ ತೆರೆದು "ಗೋಲ್ಡ್ ಫಾಯಿಲ್" ಎಂದು ಹೆಸರಿಡಿ. ಫಾಯಿಲ್ ಆಗಬೇಕಾದದ್ದನ್ನೆಲ್ಲಾ ಅಲ್ಲಿಗೆ ಸರಿಸಿ. ಎಲ್ಲಕ್ಕೂ ಒಂದೇ ಸ್ಪಾಟ್ ಕಲರ್ (ನಾಲ್ಕು ಇಂಕಿನ ಮಿಶ್ರಣವಲ್ಲದ, ಬೇರೆಯೇ ಆಗಿ ಹೋಗುವ ಬಣ್ಣ) 100%, ಅಥವಾ ಪ್ರೆಸ್‌ನವರು ಕೇಳಿದರೆ ಕಪ್ಪು 100%. ಗ್ರೇಡಿಯಂಟ್, ನೆರಳು, ಟ್ರಾನ್ಸ್‌ಪರೆನ್ಸಿ, 40% ಟಿಂಟ್ ಯಾವುದೂ ಬೇಡ. ಬ್ಲಾಕ್‌ಗೆ ಅರ್ಧ ಎಂಬುದೇ ಇಲ್ಲ. ಒತ್ತಿದರೆ ಗೋಲ್ಡ್, ಒತ್ತದಿದ್ದರೆ ಕಾಗದ. ಎಲ್ಲವೂ ವೆಕ್ಟರ್ (ಚುಕ್ಕೆಗಳಲ್ಲ, ಗೆರೆಗಳಿಂದ ಬರೆದ ಆಕಾರ) ಆಗಿರಲಿ, ವಾಟ್ಸಾಪ್‌ನಲ್ಲಿ ಬಂದ ಲೋಗೋ ಜೆಪೆಗ್ ಇದಕ್ಕೆ ಬರುವುದಿಲ್ಲ.

ಆಮೇಲೆ ಕೆಳಗಿನ ಪ್ರಿಂಟ್ ಲೇಯರ್‌ಗೆ ಹೋಗಿ ಅಲ್ಲಿ ಉಳಿದಿರುವ ಹಳದಿ ಗೋಲ್ಡ್ ಗ್ರೇಡಿಯಂಟನ್ನು ಅಳಿಸಿ. ಇದನ್ನು ಮರೆತರೆ ಮೊದಲು ಕಂದು ಅಕ್ಷರ ಪ್ರಿಂಟ್ ಆಗುತ್ತದೆ, ಮೇಲೆ ಫಾಯಿಲ್ ಕೂರುತ್ತದೆ. ಸ್ವಲ್ಪ ಜರುಗಿದರೂ ಅಕ್ಷರದ ಪಕ್ಕದಲ್ಲಿ ಕಂದು ನೆರಳು ಇಣುಕುತ್ತದೆ. ಹಿನ್ನೆಲೆ ಮರೂನ್ ಇದ್ದರೆ ಅದು ಫಾಯಿಲ್ ಅಡಿಯಲ್ಲೂ ಮುಂದುವರಿಯಲಿ, ಅಕ್ಷರದ ಆಕಾರಕ್ಕೆ ಬಿಳಿ ಕತ್ತರಿಸಬೇಡಿ. ಅದಕ್ಕೇ ಫಾಯಿಲ್ ಲೇಯರ್‌ಗೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಕತ್ತರಿಸಬೇಡ ಎಂಬ ಸೆಟ್ಟಿಂಗ್) ಹಾಕುವುದು.

ಪ್ರಿಂಟ್ ಆದ ಚಿತ್ರದ ಅಂಚಿಗೆ ಕೂದಲೆಳೆಯಷ್ಟು ಸರಿಯಾಗಿ ಗೋಲ್ಡ್ ಬಾರ್ಡರ್ ಕೂರಿಸುವ ಡಿಸೈನ್ ಬೇಡ. ಹಾಳೆ ಅರ್ಧ ಮಿಲಿಮೀಟರ್ ಆಚೀಚೆ ಆಗುವುದು ಸಾಮಾನ್ಯ. ಬಾರ್ಡರನ್ನು ಚಿತ್ರದ ಮೇಲೆ ಒಂದು ಮಿಲಿಮೀಟರ್ ಹತ್ತಿಸಿ, ಇಲ್ಲವೇ ಎದ್ದು ಕಾಣುವಷ್ಟು ದೂರ ಇಡಿ. ಕಟಿಂಗ್ ಅಂಚಿನಿಂದ 3 ಮಿಮೀ ಒಳಗಿರಲಿ. ಮಡಿಕೆ ಬರುವ ಗೆರೆ ಮೇಲೆ ಫಾಯಿಲ್ ಹಾಯಿಸಿದರೆ ಅಲ್ಲಿ ಬಿರಿಯುತ್ತದೆ. ಬಾಕ್ಸ್ ಆದರೆ ಅಂಟು ಹಚ್ಚುವ ಕಿವಿಯ ಮೇಲೂ ಫಾಯಿಲ್ ಬೇಡ, ಅಂಟು ನಿಲ್ಲುವುದಿಲ್ಲ.

## ಹಂತ 5: ಕನ್ನಡ ಅಕ್ಷರದ ಕಣ್ಣುಗಳನ್ನು ನೋಡಿ

ಇಂಗ್ಲಿಷ್ ಕಾರ್ಡ್‌ಗೆ ಹೇಳುವ ಅಳತೆ ಕನ್ನಡಕ್ಕೆ ಸಾಲದು. ಬಿಸಿ ಬ್ಲಾಕ್ ಒತ್ತಿದಾಗ ಫಾಯಿಲ್ ಅಂಚಿನಿಂದ ಕೊಂಚ ಆಚೆ ಹರಡುತ್ತದೆ, ಸಣ್ಣ ಕಿಂಡಿಗಳು ಮುಚ್ಚಿಹೋಗುತ್ತವೆ. ನಮ್ಮ ಲಿಪಿಯಲ್ಲಿ ಎಷ್ಟು ಕಿಂಡಿ ಇವೆ ನೋಡಿ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಫ ಕೂಡ ಹಾಗೇ. ಸೀಳು ಮುಚ್ಚಿದರೆ "ವಧೂವರರು" ಹೋಗಿ "ವದೂವರರು" ಆಗುತ್ತದೆ, "ಬಂಧು ಮಿತ್ರರು" ಹೋಗಿ "ಬಂದು ಮಿತ್ರರು". ಓದಿದವರು ಪ್ರೂಫ್ ಸರಿಯಾಗಿ ನೋಡಿಲ್ಲ ಎಂದೇ ತಿಳಿಯುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು "ಜ್ಯೇಷ್ಠ ಪುತ್ರ". ಷ ಕೆಳಗೆ ಒತ್ತಾಗಿ ಕೂತಿರುವ ಠ ಮೊದಲೇ ಚಿಕ್ಕದು, ಅದರ ಹೊಟ್ಟೆಯೊಳಗೆ ಇನ್ನೊಂದು ಚುಕ್ಕೆ. ಹತ್ತು ಪಾಯಿಂಟ್‌ನಲ್ಲಿ ಫಾಯಿಲ್ ಹೊಡೆದರೆ ಅದು ಬರೀ ಚಿನ್ನದ ಉಂಡೆ. ಭೂತಗನ್ನಡಿ ಹಿಡಿದರೂ ಠ ಕಾಣುವುದಿಲ್ಲ.

ಸಾಮಾನ್ಯವಾಗಿ ಫಾಯಿಲ್‌ಗೆ ಗೆರೆ ಕನಿಷ್ಠ 0.25 ಮಿಮೀ ದಪ್ಪ, ಎರಡು ಗೆರೆಗಳ ನಡುವೆ 0.5 ಮಿಮೀ ಜಾಗ ಕೇಳುತ್ತಾರೆ. ನಿಮ್ಮ ಫಾಯಿಲ್‌ನವರು ಹೇಳಿದ ಅಳತೆಯೇ ಕೊನೆಯ ಮಾತು. ಪರೀಕ್ಷೆ ಸುಲಭ. ಕೋರಲ್‌ನಲ್ಲಿ ಗೆರೆಗಳ ನಡುವಿನ ಆ ಜಾಗದಷ್ಟೇ ಅಗಲದ ಒಂದು ಪುಟ್ಟ ವೃತ್ತ ಬರೆಯಿರಿ, ನಿಜ ಗಾತ್ರದಲ್ಲಿರುವ ಅಕ್ಷರದ ಕಿಂಡಿಗಳೊಳಗೆ ಒಂದೊಂದಾಗಿ ಎಳೆದು ಇಟ್ಟು ನೋಡಿ. ವೃತ್ತ ಹಿಡಿಸದಿದ್ದರೆ ಆ ಕಿಂಡಿ ಉಳಿಯುವುದು ಅನುಮಾನ. ಆಗ ಅಕ್ಷರ ದೊಡ್ಡದು ಮಾಡಿ, ಅಥವಾ ಬೋಲ್ಡ್ ಬಿಟ್ಟು ಅದೇ ಫಾಂಟ್‌ನ ಮಾಮೂಲಿ ದಪ್ಪಕ್ಕೆ ಬನ್ನಿ.

ನನ್ನ ಕೇಳಿದರೆ "ಶ್ರೀರಸ್ತು ಶುಭಮಸ್ತು", ವಧೂವರರ ಹೆಸರು, ಗಣಪತಿ, ಒಂದು ಬಾರ್ಡರ್, ಇಷ್ಟಕ್ಕೆ ಗೋಲ್ಡ್ ಸಾಕು. ಕಲ್ಯಾಣ ಮಂಟಪದ ವಿಳಾಸ, ಮುಹೂರ್ತದ ವಿವರ, ಆಹ್ವಾನಿಸುವವರ ಪಟ್ಟಿ ಮಾಮೂಲಿ ಇಂಕ್‌ನಲ್ಲಿ ಇರಲಿ. ಅಜ್ಜ ಅಜ್ಜಿಯರೂ ಓದಬೇಕು ಅಲ್ವಾ?

ಇನ್ನು ಫಾಂಟ್. ನುಡಿ, ಶ್ರೀಲಿಪಿಯಂಥ ಫಾಂಟ್ ಬಳಸಿದ ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿ, ಹಾಗಾಗಿ ಕರ್ವ್ಸ್ ಮಾಡಿಯೇ, ಅಂದರೆ ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಬದಲಿಸಿಯೇ ಕೊಡಬೇಕು. ಮಾಡಿದ ಮೇಲೆ ಒಂದು ಅಪಾಯ ಕಾದಿರುತ್ತದೆ. ಕೆಲವು ಫಾಂಟ್‌ಗಳಲ್ಲಿ ಮೂಲಾಕ್ಷರ, ಕೊಂಬು, ಇಳಿ ಎಲ್ಲ ಬೇರೆ ಬೇರೆ ತುಂಡು, ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ಅವನ್ನು ಕೋರಲ್‌ನಲ್ಲಿ ಕಂಬೈನ್ ಮಾಡಿದರೆ ಹತ್ತಿದ ಜಾಗ ಬಿಳಿ ತೂತಾಗಿಬಿಡುತ್ತದೆ. ಕಂಬೈನ್ ಅಲ್ಲ, ವೆಲ್ಡ್ ಮಾಡಿ. ಇಲ್ಲಸ್ಟ್ರೇಟರ್‌ನಲ್ಲಾದರೆ ಪಾತ್‌ಫೈಂಡರ್‌ನ ಯುನೈಟ್. ನಂತರ 400% ಜೂಮ್ ಮಾಡಿ ಪ್ರತಿ ಅಕ್ಷರ ನೋಡಿ. ಬೇಸರದ ಕೆಲಸ, ಆದರೆ ಬ್ಲಾಕ್ ಆದ ಮೇಲೆ ತಿದ್ದಲು ಬರುವುದಿಲ್ಲ.

## ಹಂತ 6: ಕೆಲಸದ ಸರದಿ ತಪ್ಪಿಸಬೇಡಿ

ಪ್ರಿಂಟ್, ಒಣಗಿಸುವುದು, ಲ್ಯಾಮಿನೇಷನ್, ಫಾಯಿಲ್, ಎಂಬಾಸ್ (ಕಾಗದ ಉಬ್ಬಿಸುವುದು), ಪಂಚಿಂಗ್ (ಆಕಾರಕ್ಕೆ ಕತ್ತರಿಸುವುದು), ಅಂಟಿಸುವುದು. ಇದು ಸಾಮಾನ್ಯ ಸರದಿ. ಇದರಲ್ಲಿ ಜನ ಕದಿಯುವುದು ಒಣಗುವ ಸಮಯ. ಇಂಕ್ ಮೇಲ್ಗಡೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಫಾಯಿಲ್ ಹಿಡಿದಂತೆ ಮಾಡಿ ಎರಡು ದಿನದಲ್ಲಿ ಏಳುತ್ತದೆ. ಕನಿಷ್ಠ ಒಂದು ಪೂರ್ತಿ ದಿನ ಬಿಡಿ, ಆಷಾಢದ ಮಳೆಗಾಲದಲ್ಲಿ ಇನ್ನೊಂದು ದಿನ ಸೇರಿಸಿ. ಫಾಯಿಲ್ ಆದ ಮೇಲೆ ಲ್ಯಾಮಿನೇಷನ್ ಮಾಡಿಸಿದರೆ ಹೊಳಪಿನ ಮೇಲೆ ಪರದೆ ಎಳೆದಂತಾಗುತ್ತದೆ.

ಲೆಟರ್‌ಹೆಡ್‌ಗೆ ಗೋಲ್ಡ್ ಹಾಕಿಸುವವರು ಗಮನಿಸಿ: ಲೇಸರ್ ಪ್ರಿಂಟರ್ ಒಳಗೆ ಬಿಸಿ ರೋಲರ್ ಇದೆ. ಅದಕ್ಕೆ ತಡೆಯುವ ಫಾಯಿಲ್ ಎಂದು ಕೇಳಿ ಹಾಕಿಸದಿದ್ದರೆ ಲೋಗೋ ಎದ್ದು ರೋಲರ್‌ಗೆ ಅಂಟುತ್ತದೆ. ಪ್ರಿಂಟರ್ ರಿಪೇರಿ ಖರ್ಚು ಕಾರ್ಡಿಗಿಂತ ದೊಡ್ಡದು.

## ಹಂತ 7: ಸ್ಯಾಂಪಲ್ ನೋಡದೆ ಒಪ್ಪಿಗೆ ಕೊಡಬೇಡಿ

ಪಿಡಿಎಫ್‌ನಲ್ಲಿ ಗೋಲ್ಡ್ ಗೊತ್ತಾಗುವುದಿಲ್ಲ, ಫೋನ್‌ನಲ್ಲಿ ತೆಗೆದು ಕಳಿಸಿದ ಫೋಟೋದಲ್ಲೂ ಇಲ್ಲ. ನಿಮ್ಮದೇ ಕಾಗದದ ಮೇಲೆ ಮೊದಲ ಎರಡು ಮೂರು ಪ್ರತಿ ಹೊಡೆದಾಗ ಅಲ್ಲೇ ಇರಿ.

ಅಕ್ಷರದ ಮಧ್ಯೆ ಸೂಜಿಮೊನೆಯಂಥ ಚುಕ್ಕೆ ಬಿಟ್ಟಿದ್ದರೆ ಬಿಸಿ ಅಥವಾ ಒತ್ತಡ ಸಾಲದು. ಕಿಂಡಿ ಮುಚ್ಚಿದ್ದರೆ, ಅಂಚು ಮೊದ್ದಾಗಿದ್ದರೆ ಬಿಸಿ ಹೆಚ್ಚಾಗಿದೆ, ಇಲ್ಲವೇ ಒತ್ತಿ ಹಿಡಿದ ಹೊತ್ತು ಜಾಸ್ತಿ. ಹೊಳಪಿನ ಮೇಲೆ ಮಂಜು ಮುಸುಕಿದಂತೆ ಕಂಡರೂ ಬಿಸಿಯನ್ನೇ ಅನುಮಾನಿಸಿ. ಸಾಮಾನ್ಯವಾಗಿ 100ರಿಂದ 150 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲಸ ನಡೆಯುತ್ತದೆ, ಫಾಯಿಲ್ ಮತ್ತು ಕಾಗದದ ಮೇಲೆ ಹೊಂದಿಸಿಕೊಳ್ಳುತ್ತಾರೆ. ಒಂದು ಮೂಲೆ ಚೆನ್ನಾಗಿದ್ದು ಇನ್ನೊಂದು ಮೂಲೆ ಕಿತ್ತಿದ್ದರೆ ಬ್ಲಾಕ್ ಸಮವಾಗಿ ಕೂತಿಲ್ಲ. ಅಡಿಗೆ ಕಾಗದ ಕೊಟ್ಟು ಸಮ ಮಾಡುತ್ತಾರೆ, ಅದಕ್ಕೆ ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ.

ಸೆಲ್ಲೋಟೇಪ್ ಅಂಟಿಸಿ ನಿಧಾನವಾಗಿ ಕಿತ್ತು ನೋಡಿ. ಚಿನ್ನ ಟೇಪಿಗೆ ಬಂದರೆ ಆ ಕಾಗದಕ್ಕೆ ಆ ಫಾಯಿಲ್ ಸರಿಯಿಲ್ಲ. ಮೆಟಾಲಿಕ್ ಇಂಕ್ ಮತ್ತು ಸ್ಕ್ರೀನ್ ಪ್ರಿಂಟ್‌ಗೆ ಬಿಳಿ ಬಟ್ಟೆಯಿಂದ ಉಜ್ಜಿ. ಒಣಗಿದ ಮೇಲೂ ಬಟ್ಟೆ ಹಳದಿಯಾದರೆ ಮೇಲೊಂದು ವಾರ್ನಿಶ್ ಬೇಕು. ಇಲ್ಲದಿದ್ದರೆ ಕಾರ್ಡಿನ ಜೊತೆ ಕೊಟ್ಟ ರೇಷ್ಮೆ ಬ್ಲೌಸ್ ಪೀಸ್‌ಗೂ ಪುಡಿ ಮೆತ್ತುತ್ತದೆ.

## ಹಂತ 8: ಫೋನ್ ಮತ್ತು ವೆಬ್‌ಗೆ ಬೇರೆ ಗೋಲ್ಡ್ ಮಾಡಿ

ಇಲ್ಲಿ ಲೆಕ್ಕಾಚಾರ ಪೂರ್ತಿ ಉಲ್ಟಾ. ಪ್ರೆಸ್‌ನಲ್ಲಿ ಗ್ರೇಡಿಯಂಟ್ ಬೇಡ, ಸ್ಕ್ರೀನ್‌ನಲ್ಲಿ ಗ್ರೇಡಿಯಂಟ್ ಇಲ್ಲದೆ ಚಿನ್ನವೇ ಇಲ್ಲ. ಆದ್ದರಿಂದ ಎರಡು ಫೈಲ್ ಬೇಕು. ಡಿಜಿಟಲ್ ಫೈಲ್ ಆರ್‌ಜಿಬಿಯಲ್ಲಿರಲಿ (ಸ್ಕ್ರೀನ್ ಬಳಸುವ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ), ಅದನ್ನು ಪ್ರೆಸ್‌ಗೆ ಕಳಿಸಬೇಡಿ.

ಹೆಚ್ಚಿನವರ ಗೋಲ್ಡ್ ಪ್ಲಾಸ್ಟಿಕ್‌ನಂತೆ ಕಾಣಲು ಕಾರಣ ತಿಳಿ ಹಳದಿಯಿಂದ ಕಡು ಹಳದಿಗೆ ನಯವಾಗಿ ಹೋಗುವ ಎರಡೇ ಬಣ್ಣ. ಜಂಬೂಸವಾರಿಯ ದಿನದ ಅಂಬಾರಿ ಫೋಟೋ ಒಂದನ್ನು ತೆರೆದು ಕಲರ್ ಪಿಕ್ಕರ್‌ನಿಂದ ಅಲ್ಲಲ್ಲಿ ಒತ್ತಿ ನೋಡಿ. ಹಳದಿ ಸಿಗುವುದು ನೀವಂದುಕೊಂಡದ್ದಕ್ಕಿಂತ ಕಡಿಮೆ. ಬೆಳಕು ಬಿದ್ದ ಕಡೆ ಹೆಚ್ಚುಕಮ್ಮಿ ಬಿಳಿ, ಕೆತ್ತನೆಯ ಸಂದಿಯಲ್ಲಿ ಕಾಫಿ ಕಂದು, ಎರಡೂ ಪಕ್ಕಪಕ್ಕದಲ್ಲೇ. ಲೋಹ ಅಂದರೆ ಆ ಥಟ್ಟನೆ ಬದಲಾಗುವ ಬೆಳಕು.

ಶುರು ಮಾಡಲು ಆರ್‌ಜಿಬಿಯಲ್ಲಿ ಈ ಐದು ಬಣ್ಣ ತೆಗೆದುಕೊಳ್ಳಿ: 106-74-18, 212-175-55, 255-244-200, 150-106-28, 230-195-90. ಇವನ್ನು ಸಮ ದೂರದಲ್ಲಿ ಇಡಬೇಡಿ. ಬಿಳಿಗೆ ಹತ್ತಿರದ ಮೂರನೆಯದು ಕಿರಿದಾಗಿರಲಿ, ಅದರ ಪಕ್ಕದಲ್ಲೇ ನಾಲ್ಕನೇ ಕಂದು ಬರಲಿ. ಗ್ರೇಡಿಯಂಟ್ ಸ್ವಲ್ಪ ಓರೆಯಾಗಿರಲಿ. ಬೆಳಕು ಎಡ ಮೇಲಿನಿಂದ ಎಂದುಕೊಂಡರೆ ಅಕ್ಷರಕ್ಕೂ, ಬಾರ್ಡರ್‌ಗೂ, ಗಣಪತಿಗೂ ಅದೇ ದಿಕ್ಕು. ಒಂದೊಂದಕ್ಕೆ ಒಂದೊಂದು ಸೂರ್ಯ ಬೇಡ. ಗ್ರೇಡಿಯಂಟ್‌ನಲ್ಲಿ ಪಟ್ಟೆ ಪಟ್ಟೆ ಕಂಡರೆ ಒಂದೆರಡು ಪರ್ಸೆಂಟ್ ನಾಯ್ಸ್ (ಸಣ್ಣ ಚುಕ್ಕೆಗಳ ತರಿ) ಹಾಕಿ, ಮರೆಯಾಗುತ್ತದೆ.

ಬಿಳಿ ಹಿನ್ನೆಲೆ ಮೇಲೆ ಗೋಲ್ಡ್ ಅಕ್ಷರ ಹಾಕುವ ಚಟ ಬಿಡಬೇಕು. 212-175-55 ಗೋಲ್ಡ್‌ಗೂ ಬಿಳಿಗೂ ಇರುವ ಕಾಂಟ್ರಾಸ್ಟ್ ಸುಮಾರು 2.1ಕ್ಕೆ 1. ವೆಬ್ ಪುಟ ಎಲ್ಲರಿಗೂ ಓದಲು ಬರಲೆಂದು ಇರುವ ಡಬ್ಲ್ಯುಸಿಎಜಿ ಮಾನದಂಡ ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೆ 3 ಕೇಳುತ್ತದೆ. ಅದೇ ಗೋಲ್ಡ್ ಕಪ್ಪಿನ ಮೇಲೆ ಸುಮಾರು 10 ಬರುತ್ತದೆ. ಗಾಢ ಮರೂನ್, ಕಡು ಹಸಿರೂ ನಡೆಯುತ್ತವೆ.

ವೆಬ್ ಪುಟದಲ್ಲಿ ಅಕ್ಷರಕ್ಕೆ ಗ್ರೇಡಿಯಂಟ್ ತುಂಬುವವರಿಗೆ ಕನ್ನಡದಲ್ಲಿ ಒಂದು ವಿಶೇಷ ತೊಂದರೆ. ಹಿನ್ನೆಲೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿದಾಗ ಬಣ್ಣ ಆ ಬಾಕ್ಸಿನೊಳಗೆ ಮಾತ್ರ ಬೀಳುತ್ತದೆ. ಲೈನ್ ಹೈಟ್ (ಸಾಲಿಗೆ ಕೊಡುವ ಎತ್ತರ) ಬಿಗಿಯಾಗಿದ್ದರೆ ಒತ್ತಕ್ಷರ ಬಾಕ್ಸಿನ ಹೊರಗೆ ಇಳಿದು ಕಾಣದಂತಾಗುತ್ತದೆ, "ಕಲ್ಯಾಣ" ಹೋಗಿ "ಕಲಾಣ". ಲೈನ್ ಹೈಟ್ 1.5ಕ್ಕಿಂತ ಹೆಚ್ಚಿಡಿ, ಕೆಳಗೆ ಪ್ಯಾಡಿಂಗ್ ಕೊಡಿ. ಗ್ರೇಡಿಯಂಟ್ ಬಾರದ ಹಳೇ ಬ್ರೌಸರ್‌ಗೆಂದು ಒಂದು ಸಪಾಟು ಬಣ್ಣವನ್ನೂ ಬರೆದಿಡಿ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ, ನೀವು ಕಷ್ಟಪಟ್ಟು ಮಾಡಿದ ಹೊಳಪಿನ ಸುತ್ತ ಕೊಳೆ ಚುಕ್ಕೆ ತರುತ್ತದೆ. ಪಿಎನ್‌ಜಿ ಅಥವಾ ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲರಿಗೂ ಹಂಚುವ ಮುಂಚೆ ಮನೆಯವರೊಬ್ಬರ ಹಳೇ ಫೋನ್‌ಗೆ ಕಳಿಸಿ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿ, ಬಿಸಿಲಿಗೆ ತಂದು ನೋಡಿ. ತಾರೀಖು ಮತ್ತು ಮುಹೂರ್ತ ಓದಲು ಬರದಿದ್ದರೆ ಆ ಎರಡು ಸಾಲಿನ ಗೋಲ್ಡ್ ತೆಗೆದು ಬಿಳಿ ಮಾಡಿ.